ಮೂತಿ ತಗ್ಗಿತು, ಟೈರು ಸವೆಯಿತು!

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಬದಿಗೆ ಒಂದು ಗ್ಯಾರೇಜು. ಬೋರ್ಡಿಲ್ಲ, ಬೇವಿನ ಮರವೇ ಗುರುತು. ಆ ನೆರಳಲ್ಲಿ ಬಿಳೀ ಅಂಬಾಸಿಡರ್ ಒಂದು ಮೂತಿ ತಗ್ಗಿಸಿ, ಹಿಂಭಾಗ ಎತ್ತಿ ನಿಂತಿದೆ. ಥೇಟ್ ಮೇವಿಗೆ ಬಗ್ಗಿದ ಎಮ್ಮೆ! ಸುತ್ತ ಮೂವರು: ಇದೇ ಗಾಡಿಯನ್ನು ಟ್ಯಾಕ್ಸಿ ಹೊಡೆದು ಸಂಸಾರ ಸಾಕಿದ ಅಜ್ಜ, ಈಗ ಅದನ್ನು ಮದುವೆ ಬಾಡಿಗೆಗೆ ಬಿಡುವ ಮೊಮ್ಮಗ ಮತ್ತು ಮೇಸ್ತ್ರಿ.

“ಎರಡು ತಿಂಗಳ ಹಿಂದೆ ಹಾಕ್ಸಿದ ಹೊಸಾ ಟೈರು. ಒಳಮೈ ನೋಡ್ರಿ ಮೇಸ್ತ್ರಿ, ದಾರ ಕಾಣ್ತೈತೆ” ಅಂದರು ಅಜ್ಜ. ಮೊಮ್ಮಗ ತಲೆ ತಗ್ಗಿಸಿದ, ಅವನ ಕಾರಿನ ಹಾಗೆಯೇ.

ಆದದ್ದಿಷ್ಟು. ಫೋನಿನಲ್ಲಿ ಮೂತಿ ಇಳಿಸಿದ ಹಳೇ ಕಾರುಗಳ ಫೋಟೋ ನೋಡಿ ಹುಡುಗ ಮರುಳಾದ. ಬೇರೆ ಊರಲ್ಲಿ ಯಾರೋ “ಇದೇನ್ ದೊಡ್ಡ ಕೆಲಸ ಅಲ್ಲ” ಎಂದು ಇಳಿಸಿಕೊಟ್ಟರು. ಇಳಿಸಿದರೇ ಹೊರತು ಅಲೈನ್‌ಮೆಂಟ್ ನೋಡಲಿಲ್ಲ.

ಇಳಿಸುವುದು ಅಷ್ಟೊಂದು ಸಲೀಸೇ? ಈ ಗಾಡಿಯಲ್ಲಿ ಹೌದು. ಹಳೇ ಅಂಬಾಸಿಡರಿನ ಮುಂದಿನ ಚಕ್ರಕ್ಕೆ ಸುರುಳಿ ಸ್ಪ್ರಿಂಗ್ ಇಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನಿಂದ ಬಂದ ಏರ್ಪಾಡು ಅದು. ಒಂದೊಂದು ಚಕ್ರಕ್ಕೂ ಒಂದೊಂದು ಉದ್ದನೆಯ ಉಕ್ಕಿನ ಸರಳು, ಟಾರ್ಷನ್ ಬಾರು. ಮುಂದಿನ ತುದಿ ಚಕ್ರ ಹಿಡಿದ ಕೆಳತೋಳಿಗೆ, ಹಿಂದಿನ ತುದಿ ಗಾಡಿಯ ಅಡಿಗೆ. ಚಕ್ರ ಏರಿದಾಗ ಸರಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ, ಇಳಿದಾಗ ಬಿಚ್ಚಿಕೊಳ್ಳುತ್ತದೆ. ಅದರ ತುದಿಯಲ್ಲಿ ಹಲ್ಲುಗಳಿವೆ. ಕಳಚಿ ಹಲ್ಲು ತಪ್ಪಿಸಿ ಕೂರಿಸಿದರೆ ಮುಗೀತು, ಮೂತಿ ಕೆಳಗೆ! ಜಾಕಿ ಕೊಟ್ಟು ಭಾರ ಇಳಿಸದೆ ಕಳಚಲು ಹೋದವನ ಕೈ ಮುರಿದರೂ ಆಶ್ಚರ್ಯವಿಲ್ಲ, ಅಷ್ಟು ಬಿಗಿ ಆ ಸರಳಿನಲ್ಲಿ.

ಹುಡುಗನಿಗೆ ಗೊತ್ತಿಲ್ಲದ ಸಂಗತಿ ಮುಂದಿದೆ. ಹಲ್ಲು ತಪ್ಪಿಸಿದರೆ ಸರಳೇನೂ ಗಟ್ಟಿಯಾಗದು. ಮೊದಲಿನಷ್ಟೇ ಮೆತ್ತಗೆ, ಆದರೆ ಕುಣಿಯಲು ಜಾಗ ಕಡಿಮೆ. ಹಂಪ್ಸ್ ಬಂತೋ, ತೋಳು ಹೋಗಿ ರಬ್ಬರಿಗೆ ಬಡಿಯುತ್ತದೆ, ಆಯಿಲ್ ಚೇಂಬರ್ ನೆಲ ಸವರುತ್ತದೆ. ಹೆಡ್‌ಲೈಟು ರಸ್ತೆ ಬಿಟ್ಟು ಬಂಪರ್ ಮುಂದಿನ ಮಣ್ಣು ನೋಡುತ್ತದೆ.

ಇನ್ನು ಚಕ್ರದ ಕೋನ. ಮೂತಿ ಇಳಿದಾಗ ತೋಳುಗಳು ಒಂದು ವಾಲಿನಲ್ಲಿ, ಟೈರಾಡು ಇನ್ನೊಂದು ವಾಲಿನಲ್ಲಿ ಹೋಗುತ್ತವೆ. ಚಕ್ರದ ನೆತ್ತಿ ಒಳಗೆ ವಾಲುತ್ತದೆ, ಇದು ಕ್ಯಾಂಬರ್. ಮುಂದಿನ ಅಂಚು ಒಳಗೋ ಹೊರಗೋ ತಿರುಗುತ್ತದೆ, ಇದು ಟೋ. ಗಾಡಿಯೇ ಮುಂದಕ್ಕೆ ಬಾಗಿದ್ದರಿಂದ ಕ್ಯಾಸ್ಟರ್ ಕಡಿಮೆಯಾಗಿ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲು ಸೋಮಾರಿತನ ಮಾಡುತ್ತದೆ.

ಮೇಸ್ತ್ರಿ ನೆಲದ ಮೇಲೆ ಸೀಮೆಸುಣ್ಣದಲ್ಲೇ ಲೆಕ್ಕ ಬರೆದರು. ರಿಮ್ಮಿನ ಅಡ್ಡಳತೆ ಹತ್ತಿರ ಹತ್ತಿರ 400 ಮಿಲಿಮೀಟರ್. ಒಂದು ಚಕ್ರ 4 ಮಿಲಿಮೀಟರ್ ಸೊಟ್ಟಗಿದ್ದರೆ ನೂರಕ್ಕೊಂದು. ಅಂದರೆ ನೂರು ಮೀಟರ್ ಓಡಿದರೆ ಒಂದು ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದ ಹಾಗೆ. “ಹರಿಹರಕ್ಕೆ 14 ಕಿಲೋಮೀಟರ್ ಇಟ್ಕೋ ತಮ್ಮಾ. ಹೋಗಿ ಮುಟ್ಟೋದ್ರಾಗೆ ಟೈರು 140 ಮೀಟರ್ ಡಾಂಬರು ತಿಕ್ಕೈತೆ. ಉಳಿಯುತ್ತಾ?”

ಹುಡುಗ ಉತ್ತರಿಸಲಿಲ್ಲ. ಟೈರಿನದೊಂದೇ ಆಗಿದ್ದರೆ ಅಜ್ಜ ಬೈದು ಸುಮ್ಮನಾಗುತ್ತಿದ್ದರೇನೋ. ಹಿಂದಿನ ವಾರ ಮಳೆಯಲ್ಲಿ ಮದುಮಗಳನ್ನು ಕೂರಿಸಿಕೊಂಡು ಬರುವಾಗ ಬ್ರೇಕ್ ಒತ್ತಿದ್ದೇ ಗಾಡಿ ಬಲಕ್ಕೆ ಎಳೆಯಿತು. ಎದುರಿನ ಲಾರಿಯವನು ಪುಣ್ಯಾತ್ಮ, ಮಣ್ಣಿಗಿಳಿದ. ಮದುಮಗಳ ತಂದೆ ಬಾಡಿಗೆ ಎಣಿಸಿ ಕೊಟ್ಟು, “ನಾಳೆ ಬೀಗರೂಟಕ್ಕೆ ನಿಮ್ಮ ಗಾಡಿ ಬ್ಯಾಡ” ಅಂದರಂತೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಮೇಸ್ತ್ರಿ ಕೆಲಸಕ್ಕೆ ಇಳಿದರು. ಮೊದಲು ಗಾಳಿ. ಆಮೇಲೆ ಬೇರಿಂಗು, ಬುಶ್ಶು, ಟೈರಾಡಿನ ತುದಿ ಅಲ್ಲಾಡಿಸಿ ನೋಡಿದರು. ಸಡಿಲ ಇಟ್ಟುಕೊಂಡು ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದರೂ ದುಡ್ಡು ದಂಡ. ಎಡ ಬುಶ್ ಹೋಗಿತ್ತು, ಬದಲಾಯಿತು. ನಂತರ ಸರಳು ಬಿಚ್ಚಿ ಮೊದಲಿನ ಹಲ್ಲಿಗೆ ಕೂರಿಸಿದರು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೇ. ಒಂದೇ ದಿಕ್ಕಿಗೆ ತಿರುಚಿ ಪಳಗಿದ ಉಕ್ಕು ಅದು. ಮುರಿದರೆ ಹೊಸದು ಹುಡುಕುವುದು ಕಷ್ಟ, ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಬಾಗಿಲು ಹಾಕಿತು.

ಗಾಡಿಯನ್ನು ಒತ್ತಿ ಕುಣಿಸಿ, ಹಿಂದೆ ಮುಂದೆ ತಳ್ಳಿ, ಎರಡೂ ಕಡೆ ಎತ್ತರ ಅಳೆದರು. ಟೋ ಕೊನೆಗೆ. ಸ್ಟೇರಿಂಗ್ ನೇರ ಕಟ್ಟಿ, ಗಾಡಿಯ ಎರಡೂ ಬದಿಗೆ ದಾರ ಎಳೆದು, ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ಪಟ್ಟಿ ಹಿಡಿದು ನೋಡಿದರು. ಎರಡೂ ಟೈರಾಡನ್ನು ಸಮಸಮ ತಿರುಗಿಸಿದರು. ಒಂದನ್ನೇ ತಿರುಗಿಸಿದರೆ ಗಾಡಿ ನೇರ ಹೋದರೂ ಸ್ಟೇರಿಂಗ್ ಸೊಟ್ಟಗೆ ಕೂರುತ್ತದೆ. ಈ ಇಡೀ ಕೆಲಸಕ್ಕೆ ಬೆಳಗಿನಿಂದ ಮೂರು ಗಂಟೆಯಾಯಿತು, ನಡುವೆ ಎರಡು ಸಲ ಚಹಾ, ಒಂದು ಸಲ ಮಂಡಕ್ಕಿ ಮಿರ್ಚಿ.

“ಸ್ವಲ್ಪನಾದ್ರೂ ತಗ್ಗಿಸಿ ಬಿಡಬಹುದಿತ್ತು” ಎಂದು ಹುಡುಗ ಗೊಣಗಿದ.

ಅಜ್ಜ ಏನೂ ಹೇಳದೆ ಗಾಡಿ ಹತ್ತಿದರು. ಮೊಮ್ಮಗನನ್ನು ಪಕ್ಕ ಕೂರಿಸಿಕೊಂಡು, ಖಾಲಿ ರಸ್ತೆ ಸಿಕ್ಕಾಗ ಸ್ಟೇರಿಂಗಿನಿಂದ ಬೆರಳು ಒಂದಿಷ್ಟು ಸಡಿಲಿಸಿದರು. ಗಾಡಿ ಅತ್ತಿತ್ತ ಎಳೆಯದೆ ನೇರ ಹೋಯಿತು. ವಾಪಸು ಬಂದವರೇ ಮೇಸ್ತ್ರಿಗೆ ದುಡ್ಡು ಕೊಟ್ಟು ಹುಡುಗನ ಕಡೆ ತಿರುಗಿದರು:

“ಆ ಮದುಮಗಳ ಅಪ್ಪಂಗೆ ಫೋನ್ ಹಚ್ಚು. ನಾನೇ ಮಾತಾಡ್ತೀನಿ.”