ಮೊಳೆ ತಾಳದ ಗೊರಸು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಜಾನುವಾರುಗಳ ಪಾದರಕ್ಷಣೆಯ ವಿಚಾರವೆತ್ತಿದರೆ ಮೊದಲು ನೆನಪಿಗೆ ಬರತಕ್ಕವರು ನಾಲಬಂದರು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳು ಚಕ್ಕಡಿಗಳ ಮೇಲೆಯೇ ಬಂದು ಇಳಿಯುತ್ತಿದ್ದ ಕಾಲದಲ್ಲಿ, ಖಡಿ ಹಾಸಿದ ರಸ್ತೆಯ ಮೇಲೆ ಹರದಾರಿಗಟ್ಟಲೆ ನಡೆಯುವ ಎತ್ತುಗಳ ಗೊರಸು ಸವೆದು ರಕ್ತ ಒಸರದಂತೆ ಕಾಪಾಡುವ ಹೊಣೆ ಇವರದಾಗಿದ್ದಿತು. ಎತ್ತನ್ನು ಹಗ್ಗದಿಂದ ಕೆಡವಿ, ನಾಲ್ಕು ಕಾಲುಗಳನ್ನೂ ಒಟ್ಟುಗೂಡಿಸಿ ಬಿಗಿದು, ಸೀಳುಗೊರಸಿನ ಒಂದೊಂದು ಹೋಳಿಗೆ ಒಂದೊಂದರಂತೆ ತೆಳ್ಳನೆಯ ಲಾಳಗಳನ್ನು ಸಣ್ಣ ಮೊಳೆಗಳಿಂದ ಬಡಿಯುವ ಅವರ ಕೈಚಳಕವನ್ನು ಸಂತೆಯ ಬದಿಯಲ್ಲಿ ನಿಂತು ನೋಡದ ಹುಡುಗರು ಈ ಸೀಮೆಯ ಹಿಂದಿನ ತಲೆಮಾರಿನಲ್ಲಿ ವಿರಳ. ಟಾಂಗಾದ ಕುದುರೆಗಾದರೆ ಕೆಡವುವ ಕ್ರಮವಿಲ್ಲ. ಅದು ನಿಂತಂತೆಯೇ ಅದರ ಕಾಲನ್ನೆತ್ತಿ ಹಿಡಿದು ಆ ಕಾರ್ಯವನ್ನು ಪೂರೈಸಬೇಕು. ಟ್ರ್ಯಾಕ್ಟರು ಆಟೋಗಳು ಬಂದ ಮೇಲೆ ಕೆಲಸ ಕುಗ್ಗಿತು. ಆದರೂ ಮದುವೆಯ ಮೆರವಣಿಗೆಯ ಕುದುರೆಗಳೂ, ಮನೆಯ ಸರಂಜಾಮನ್ನೆಲ್ಲ ಹೊತ್ತು ಕುರಿಹಿಂಡಿನೊಡನೆ ಊರೂರು ಅಲೆಯುವ ಕುರುಬರ ತಟ್ಟುಗಳೂ ಇನ್ನೂ ಇರುವುದರಿಂದ, ದುರ್ಬಲವಾದ ಗೊರಸುಳ್ಳ ಕುದುರೆಗೆ ಮೊಳೆಯ ಲಾಳವಲ್ಲದೆ ಬೇರೆ ಗತಿಯುಂಟೇ ಎಂಬ ಪ್ರಶ್ನೆ ಇಂದಿಗೂ ಸಲ್ಲತಕ್ಕದ್ದೇ ಆಗಿದೆ.

ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ ನಿರ್ಜೀವವಾದ ಪದಾರ್ಥ. ಅದರೊಳಗೆ ರಕ್ತವೂ ನರಗಳೂ ತುಂಬಿದ ಸಜೀವ ಭಾಗವಿದೆ. ಇವೆರಡರ ಮೇರೆಯನ್ನು ಸೂಚಿಸುವ ಬಿಳಿಯ ಗೆರೆಯೊಂದು ಅಂಗಾಲಿನ ಅಂಚಿನಲ್ಲಿ ಕಾಣುತ್ತದೆ. ಮೊಳೆ ಈ ಗೆರೆಯ ಹೊರಗೇ ಹೊಕ್ಕು, ಗೋಡೆಯ ದಪ್ಪದಲ್ಲಿಯೇ ಸಾಗಿ, ಮೇಲೆ ಹೊರಬರಬೇಕು. ಹೊರಬಂದ ತುದಿಯನ್ನು ಮುರಿದು, ಮಡಿಸಿ, ಅರದಿಂದ ನಯಗೊಳಿಸುತ್ತಾರೆ. ನುರಿತ ನಾಲಬಂದನು ಸುತ್ತಿಗೆಯ ಸದ್ದಿನಿಂದಲೇ ಮೊಳೆಯ ಹಾದಿಯನ್ನು ಅರಿಯುತ್ತಾನೆ: ಗಟ್ಟಿ ಗೋಡೆಯಲ್ಲಿ ಅದು ಗಡುಸಾಗಿ ನುಡಿಯುತ್ತದೆ, ಮೆತ್ತನೆಯ ಕಡೆಗೆ ತಿರುಗಿದೊಡನೆ ಮಂದವಾಗುತ್ತದೆ. ಗೋಡೆಯೇ ತೆಳ್ಳಗಾಗಿ, ಬಿರುಕುಬಿಟ್ಟು, ಹಳೆಯ ಮೊಳೆಗಳ ತೂತುಗಳಿಂದ ಜರ್ಝರಿತವಾಗಿದ್ದರೆ ಈ ಜಾಣ್ಮೆಯೂ ನಿಷ್ಫಲ. ಆರೆಂಟು ವಾರಗಳಿಗೊಮ್ಮೆ ಲಾಳ ಬದಲಿಸಬೇಕು. ಗೊರಸಾದರೋ ತಿಂಗಳಿಗೆ ಒಂದು ಸೆಂಟಿಮೀಟರಿಗಿಂತಲೂ ಕಡಿಮೆ ಬೆಳೆಯುತ್ತದೆ. ಹಳೆಯ ತೂತುಗಳು ಬೆಳೆದು ಕೆಳಗಿಳಿಯುವ ಮುನ್ನವೇ ಹೊಸ ತೂತುಗಳು ಬೀಳುತ್ತವೆ. ಒಂದು ದಿನ ಲಾಳವು ಗೋಡೆಯ ತುಂಡನ್ನೂ ಕಿತ್ತುಕೊಂಡೇ ಕಳಚಿಬೀಳುತ್ತದೆ.

ಇಂಥ ಸಂದರ್ಭದಲ್ಲಿ ಬದಲಿ ಲಾಳವನ್ನು ಅರಸುವುದಕ್ಕೆ ಮೊದಲು ಗೊರಸು ಕೆಟ್ಟ ಕಾರಣವನ್ನು ಅರಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮಳೆಗಾಲದ ಎರೆಮಣ್ಣಿನ ಕೆಸರಿನಲ್ಲಿ ನೆನೆದು ಮೆತ್ತಗಾಗುವುದು, ಬೇಸಗೆಯ ಬಿಸಿಲಿನಲ್ಲಿ ಒಣಗಿ ಸೀಳುವುದು, ಈ ಪುನರಾವರ್ತನೆಯೇ ಒಂದು ಕಾರಣ. ಅದಕ್ಕಿಂತ ಗೂಢವಾದದ್ದು ಮೇವಿನಲ್ಲಿದೆ. ಈ ಸೀಮೆಯಲ್ಲಿ ಗೋವಿನಜೋಳ ಸಮೃದ್ಧವಾಗಿ ಬೆಳೆಯುತ್ತದೆ. ಕೈಗೆ ಸುಲಭವಾಗಿ ಸಿಗುವ ಈ ಕಾಳನ್ನು ಕೆಲಸವಿಲ್ಲದೆ ನಿಂತ ಕುದುರೆಗೆ ಮಿತಿಮೀರಿ ತಿನ್ನಿಸಿದರೆ, ಅದರ ಪಿಷ್ಟವು ಕರುಳಿನಲ್ಲಿ ವಿಕಾರಗೊಂಡು ಗೊರಸಿನೊಳಗೆ ಉರಿಯೂತವನ್ನುಂಟುಮಾಡುತ್ತದೆ. ಗೋಡೆಗೂ ಒಳಗಿನ ಎಲುಬಿಗೂ ಇರುವ ಬೆಸುಗೆಯೇ ಆಗ ಸಡಿಲಗೊಳ್ಳುತ್ತದೆ. ಪ್ರೀತಿಯಿಂದ ಉಣಿಸಿದ ಕಾಳೇ ಕುದುರೆಯನ್ನು ಕುಂಟಾಗಿಸುವ ಈ ದುರಂತವನ್ನು ಯಾವ ಲಾಳವೂ ತಡೆಯಲಾರದು. ಹುಲ್ಲು ಕಣಿಕೆಗಳೇ ಮುಖ್ಯಾಹಾರವಾಗಿರುವುದು ಕ್ಷೇಮ. ಬಯೋಟಿನ್ ಎಂಬ ಜೀವಸತ್ವದ ಪ್ರಯೋಜನ ಲಿಪಿಜ್ಜಾನರ್ ಕುದುರೆಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ದಿನಕ್ಕೆ 20 ಮಿಲಿಗ್ರಾಮಿನಂತೆ ಕೊಟ್ಟಾಗ ಗೊರಸು ಸುಧಾರಿಸಿತಾದರೂ ಅದಕ್ಕೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಮೇಲಿನಿಂದ ಹೊಸ ಗೋಡೆ ಇಳಿದುಬರುವವರೆಗೆ ಕಾಯದೆ ಬೇರೆ ಉಪಾಯವಿಲ್ಲ. ಆ ಅವಧಿಯಲ್ಲಿ ಕುದುರೆ ನಡೆಯಬೇಕಾದರೆ ಮೊಳೆಯಿಲ್ಲದ ರಕ್ಷಣೆ ಬೇಕು.

ಇದು ನೂತನ ಕಲ್ಪನೆಯೇನೂ ಅಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನನು ಕುದುರೆಯನ್ನು ದುಂಡುಗಲ್ಲುಗಳ ಮೇಲೆ ನಿಲ್ಲಿಸಿ ಗೊರಸನ್ನು ಗಟ್ಟಿಗೊಳಿಸಬೇಕೆಂದನು. ರೋಮನರು ಕಬ್ಬಿಣದ ಪಾದುಕೆಯನ್ನು ಪಟ್ಟಿಗಳಿಂದ ಗೊರಸಿಗೆ ಕಟ್ಟುತ್ತಿದ್ದರು. ಜಪಾನಿನಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಕುದುರೆಗಳು ಭತ್ತದ ಹುಲ್ಲಿನಿಂದ ಹೆಣೆದ ಪಾದುಕೆಗಳನ್ನು ತೊಟ್ಟು ನಡೆದವು.

ಇಂದಿನ ಗೊರಸಿನ ಬೂಟು ಈ ಪರಂಪರೆಯದೇ ಕುಡಿ. ರಬ್ಬರಿನಿಂದಲೋ ಪಾಲಿಯುರೆಥೇನಿನಿಂದಲೋ ಮಾಡಿದ ಈ ಬೂಟನ್ನು ಪಟ್ಟಿ ಬಿಗಿದು ತೊಡಿಸುತ್ತಾರೆ, ಕೆಲಸ ಮುಗಿದೊಡನೆ ಕಳಚಿಡುತ್ತಾರೆ. ಡಾಂಬರು ರಸ್ತೆಯ ಆಘಾತವನ್ನು ಇದು ಕಬ್ಬಿಣಕ್ಕಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ. ಮದುವೆಯ ಮೆರವಣಿಗೆಯಲ್ಲಿ ಕೆಲವು ತಾಸು ಮಾತ್ರ ದುಡಿದು ಉಳಿದ ವೇಳೆ ಲಾಯದಲ್ಲಿರುವ ಕುದುರೆಗೆ ಇದಕ್ಕಿಂತ ಒಪ್ಪುವ ಸಾಧನವನ್ನು ನಾನು ಕಾಣೆ. ಆದರೆ ಅಳತೆಯಲ್ಲಿ ಅಲಕ್ಷ್ಯ ಸಲ್ಲದು. ಗೊರಸನ್ನು ಕತ್ತರಿಸಿ ಸಮಮಾಡಿದ ಕೂಡಲೇ ಅದರ ಉದ್ದಗಲಗಳನ್ನು ಅಳೆಯಬೇಕು, ಮುಂಗಾಲು ಹಿಂಗಾಲುಗಳನ್ನು ಬೇರೆಬೇರೆಯಾಗಿಯೇ ಅಳೆಯಬೇಕು. ಸಡಿಲವಾದ ಬೂಟು ನಡೆಯುವಾಗ ತಿರುಗಿ ಹಿಮ್ಮಡಿಯನ್ನು ಉಜ್ಜಿ ಹುಣ್ಣುಮಾಡುತ್ತದೆ. ರಾತ್ರಿಯೆಲ್ಲ ತೊಡಿಸಿಯೇ ಬಿಟ್ಟರೆ ಒಳಗೆ ತೇವ ನಿಂತು ಗೊರಸಿನ ಅಡಿಭಾಗ ಕೊಳೆಯುತ್ತದೆ. ಎರೆಹೊಲದ ಅಂಟುಮಣ್ಣು ಒಳಹೊಕ್ಕರಂತೂ ತಕ್ಷಣ ತೊಳೆದು ಒಣಗಿಸಬೇಕು.

ಹಗಲಿರುಳು ರಕ್ಷಣೆ ಬೇಕಾದ ಕುದುರೆಗೆ ಅಂಟಿಸುವ ಲಾಳವಿದೆ. ಅಲ್ಯೂಮಿನಿಯಮ್ ಅಥವಾ ಪಾಲಿಯುರೆಥೇನ್ ಲಾಳವನ್ನು ರಾಸಾಯನಿಕ ಅಂಟಿನಿಂದ ಗೋಡೆಗೆ ಕೂಡಿಸುತ್ತಾರೆ. ಅಂಟು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಗೊರಸು ಸಂಪೂರ್ಣ ಒಣಗಿರಬೇಕು, ಮರಳುಕಾಗದದಿಂದ ಉಜ್ಜಿ ಶುಚಿಗೊಳಿಸಿದ ಮೇಲೆ ಬೆರಳಿನ ಜಿಡ್ಡೂ ತಗಲಬಾರದು. ಆದುದರಿಂದ ಮಳೆಗಾಲದಲ್ಲಿ ಈ ಕೆಲಸ ಕಷ್ಟ. ಬೇಸಗೆಯಲ್ಲಿ ಬೇರೊಂದು ಕಷ್ಟ: ಸೆಕೆಗೆ ಅಂಟು ಬೇಗನೆ ಬಿಗಿದುಕೊಳ್ಳುವುದರಿಂದ ಲಾಳವನ್ನು ಸರಿಪಡಿಸುವುದಕ್ಕೆ ವ್ಯವಧಾನವೇ ದೊರೆಯದು. ಕೀಳುವಾಗ ಅವಸರಪಟ್ಟರೆ ದುರ್ಬಲವಾದ ಗೋಡೆ ಅಂಟಿನೊಡನೆಯೇ ಸುಲಿದುಬರುತ್ತದೆ.

ಎತ್ತಿನ ವಿಷಯದಲ್ಲಿ ಪಶುವೈದ್ಯರು ಇನ್ನೊಂದು ಸೊಗಸಾದ ಉಪಾಯವನ್ನು ಬಳಸುತ್ತಾರೆ. ಸೀಳುಗೊರಸಿನ ಒಂದು ಹೋಳು ನೊಂದಿದ್ದರೆ, ಆರೋಗ್ಯವಾಗಿರುವ ಮತ್ತೊಂದರ ಅಡಿಗೆ ಮರದ ಅಥವಾ ರಬ್ಬರಿನ ದಪ್ಪ ತುಂಡನ್ನು ಅಂಟಿಸುತ್ತಾರೆ; ಭಾರವೆಲ್ಲ ಅದರ ಮೇಲೆ ಬಿದ್ದು, ನೊಂದ ಹೋಳು ನೆಲ ಮುಟ್ಟದೆ ವಿಶ್ರಾಂತಿ ಪಡೆದು ಗುಣಹೊಂದುತ್ತದೆ.

ಈ ಯಾವ ವಿಧಾನದಲ್ಲಿಯೂ ನಾಲಬಂದನ ಕೈಯನ್ನು ಬಿಟ್ಟು ನಡೆಯುವಂತಿಲ್ಲ. ಬೂಟಿರಲಿ, ಅಂಟಿರಲಿ, ಮೊದಲು ಗೊರಸನ್ನು ಸಮವಾಗಿ ಕೆತ್ತಲೇಬೇಕು. ಆ ಕೆತ್ತನೆಯ ಹದ ಬಲ್ಲವರು ಅವರೇ. ಶಿವಮೊಗ್ಗ ಗದಗಗಳ ಪಶುವೈದ್ಯಕೀಯ ಮಹಾವಿದ್ಯಾಲಯಗಳು ಈ ಸೀಮೆಗೆ ದೂರದವಲ್ಲ. ಹಾವೇರಿಯ ದನದ ಸಂತೆಗೆ ಅಲ್ಲಿಯ ಅಧ್ಯಾಪಕರು ಬಂದು, ಅಳಿದುಳಿದ ನಾಲಬಂದರನ್ನು ಕೂಡಿಸಿ, ಅಂಟು ಕಲಸುವುದನ್ನೂ ಬೂಟು ಅಳೆಯುವುದನ್ನೂ ಕೈಯಲ್ಲಿ ಮಾಡಿ ತೋರಿಸುವ ಏರ್ಪಾಡಾಗಬೇಕು. ಸುತ್ತಿಗೆಯ ಸದ್ದನ್ನು ಕೇಳಿಯೇ ಮೊಳೆಯ ಹಾದಿಯನ್ನು ತಿಳಿಯುವ ವಿದ್ಯೆಯನ್ನು ಅದೇ ಸಂತೆಯಲ್ಲಿ ಅವರಿಂದ ವೈದ್ಯವಿದ್ಯಾರ್ಥಿಗಳೂ ಕಲಿತುಕೊಳ್ಳಬಹುದು.