26ಕ್ಕೇ ಹಬ್ಬ ಮುಗಿಸಬೇಡಿ



ನಮ್ಮ ಕಡೆಯ ಕ್ರಿಸ್ಮಸ್ ಡಿಸೆಂಬರ್ ಮೊದಲ ವಾರದಲ್ಲೇ ಆರಂಭವಾಗಿ 26ರ ಬೆಳಿಗ್ಗೆ ಮುಗಿದುಹೋಗುತ್ತದೆ. ಆಗಮನ ಕಾಲದ ನಾಲ್ಕು ಭಾನುವಾರ ಕಾಯಿರಿ ಎಂದು ಧರ್ಮಸಭೆ ಹೇಳಿದರೆ ನಾವು ಆಗಲೇ ನಕ್ಷತ್ರ ತೂಗಿ, ತಿಂಡಿ ಕರಿದು, ಅರ್ಧ ತಿಂದೂ ಆಗಿರುತ್ತದೆ. ಹಬ್ಬ ನಿಜವಾಗಿ ಬರುವ ಹೊತ್ತಿಗೆ ಮನೆಯ ತಾಯಂದಿರಿಗೆ ಸುಸ್ತು, ಯಜಮಾನರ ಜೇಬು ಖಾಲಿ. ರಾತ್ರಿಯ ಬಲಿಪೂಜೆಯಲ್ಲಿ ಗ್ಲೋರಿಯಾ ಹಾಡುವಾಗ ಯಾರು ಆಕಳಿಸುತ್ತಾರೆ ಎಂಬುದು ಪೀಠದ ಬಳಿ ನಿಂತ ನಮಗೆ ಚೆನ್ನಾಗಿ ಕಾಣುತ್ತದೆ. ಅವರಲ್ಲಿ ಹೆಚ್ಚಿನವರು ಅಂದು ಸಂಜೆಯವರೆಗೂ ಬಾಣಲೆಯ ಮುಂದೆ ನಿಂತಿದ್ದವರೇ.

ಆದರೆ ಪೂಜಾ ಪಂಚಾಂಗದ ಪ್ರಕಾರ ಕ್ರಿಸ್ಮಸ್ ಕಾಲ 24ರ ಸಂಜೆ ಆರಂಭವಾಗಿ ಪ್ರಭು ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಇದೆ. ಅಂದರೆ ಎರಡು ವಾರಕ್ಕೆ ಕಡಿಮೆಯಿಲ್ಲ. ಇಷ್ಟು ದಿನಗಳನ್ನು ನಮಗೆ ಪುಕ್ಕಟೆಯಾಗಿ ಕೊಟ್ಟಿರುವಾಗ ಒಂದೇ ದಿನದಲ್ಲಿ ಎಲ್ಲವನ್ನೂ ತುರುಕಿ, ಅದಕ್ಕಾಗಿ ಬಂಗಾರ ಅಡವಿಡುವುದು ಯಾವ ಲೆಕ್ಕ? ಈ ಸಲ ಹಬ್ಬವನ್ನು ಹಂಚಿಕೊಂಡು, ನಗುನಗುತ್ತಾ ಆಚರಿಸುವ ಕೆಲವು ದಾರಿಗಳನ್ನು ಹೇಳುತ್ತೇವೆ.

ಗೋದಲಿಯಿಂದಲೇ ಆರಂಭಿಸೋಣ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಒಂದು ಗೋದಲಿ ಸಿದ್ಧಪಡಿಸಿ, ಹುಲ್ಲು ಹಾಸಿ, ನಿಜವಾದ ಎತ್ತು ಮತ್ತು ಕತ್ತೆಯನ್ನು ತಂದು ನಿಲ್ಲಿಸಿದರು.  ನಮ್ಮ ಮನೆಗಳಲ್ಲಿ ಹಟ್ಟಿಯಿದೆ, ಬೈಹುಲ್ಲಿದೆ, ಅಡಿಕೆ ಹಾಳೆಯಿದೆ, ಬಿದಿರಿದೆ, ಅಂಗಳದ ಮೂಲೆಯಲ್ಲಿ ಕೆಂಪುಕಲ್ಲಿನ ತುಂಡುಗಳಿವೆ. ಆದರೂ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಕೊಳ್ಳಲು ಪೇಟೆಗೆ ಓಡುತ್ತೇವೆ! ಮಕ್ಕಳಿಗೆ ಒಂದು ಹಾಳೆ ಕೊಟ್ಟು ನೋಡಿ. ಕುರುಬರಿಗೆ ಪುಟ್ಟ ಮುಟ್ಟಾಳೆ ಹೊಲಿದು ತೊಡಿಸಲಿ. ಒಂಟೆಯ ಕಾಲು ಮುರಿದಿದ್ದರೆ ಅದರ ಜಾಗದಲ್ಲಿ ಜೇಡಿಮಣ್ಣಿನ ಕೋಣ ನಿಲ್ಲಲಿ. ಬೆತ್ಲೆಹೇಮಿನಲ್ಲಿ ಕೋಣವಿತ್ತೇ ಎಂದು ಯಾರಾದರೂ ಕೇಳಿದರೆ, ಸುವಾರ್ತೆಯಲ್ಲಿ ಎತ್ತು, ಕತ್ತೆಯ ಮಾತೂ ಇಲ್ಲ ಎಂದು ಉತ್ತರಿಸಿ. ನಂಬದಿದ್ದರೆ ಲೂಕನ ಎರಡನೆಯ ಅಧ್ಯಾಯ ತೆಗೆದು ಓದಲಿ. ಜ್ಞಾನಿಗಳು ಮೂವರೆಂದು ಮತ್ತಾಯನು ಎಲ್ಲಿಯೂ ಎಣಿಸಿಲ್ಲ. ಊಟದ ನಂತರ ಇಂಥ ಪ್ರಶ್ನೆಗಳನ್ನು ಕೇಳುವ ಆಟವಾಡಿ. ಬೈಬಲ್ ತೆರೆಯಲು ಹೇಳಿದರೆ ಎದ್ದು ಹೋಗುವ ಹುಡುಗರೂ ಪಂದ್ಯಕ್ಕಾಗಿ ತೆರೆಯುತ್ತಾರೆ.

ಗೋದಲಿಗೆ ರಾಗಿ ಬಿತ್ತಿ ಹಸಿರು ಪೈರು ಬೆಳೆಸುವ ರೂಢಿ ಇನ್ನೂ ಇದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಅಗಲವಾದ ತಟ್ಟೆಯಲ್ಲಿ ಮರಳು, ಒಣ ಸೆಗಣಿ ಪುಡಿ ಬೆರೆಸಿದ ಮಣ್ಣಿನ ಮೇಲೆ ಉದುರಿಸಿ, ದಿನವೂ ನೀರು ಚಿಮುಕಿಸಿದರೆ ಹತ್ತು ಹನ್ನೆರಡು ದಿನಗಳಲ್ಲಿ ಗೋದಲಿಗೆ ಬೇಕಾದ ಹಸಿರು ಸಿದ್ಧ. ಈ ವರ್ಷ ಇದಕ್ಕೊಂದು ಸ್ಪರ್ಧೆ ಸೇರಿಸೋಣ. ಬಿತ್ತನೆಗೆಂದು ಇಟ್ಟ ಭತ್ತದಿಂದ ಪ್ರತಿಯೊಂದು ಮಗುವೂ ಸರಿಯಾಗಿ ನೂರು ಕಾಳು ಎಣಿಸಿಕೊಳ್ಳಲಿ. ಒಂದೊಂದು ಮಗು ಒಂದೊಂದು ಮೂಟೆಯಿಂದ, ಮೂಟೆಯ ಮೇಲೆ, ನಡುವೆ, ಅಡಿಯಲ್ಲಿ ಕೈಹಾಕಿ ತೆಗೆಯಬೇಕು. ಚೆಂದದ ಕಾಳುಗಳನ್ನೇ ಆರಿಸಿದರೆ ಅದು ಮೋಸ. ಒಂದು ದಿನ ನೆನೆಸಿ, ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ ನೆರಳಲ್ಲಿಟ್ಟು, ಒಣಗದಂತೆ ನೋಡಿಕೊಂಡು, ಏಳೆಂಟು ದಿನಗಳ ನಂತರ ಮೊಳೆತದ್ದನ್ನು ಎಣಿಸಲಿ. ಪ್ರಮಾಣಿತ ಭತ್ತದ ಬೀಜದಲ್ಲಿ ನೂರಕ್ಕೆ ಕನಿಷ್ಠ 80 ಮೊಳೆಯಬೇಕೆಂದು ನಿಯಮ. ನಿಮ್ಮ ಮೂಟೆಯಲ್ಲಿ 60 ಬಂದರೆ, ಮಕ್ಕಳ ಆಟವೇ ನಿಮಗೆ ಮುನ್ಸೂಚನೆ ಕೊಟ್ಟಂತಾಯಿತು. 85 ಬಂದರೂ ಬೀಗಬೇಡಿ. ಏಣೆಲು ಬೆಳೆಗೆ ಅದನ್ನೇ ಬಿತ್ತುವುದಾದರೆ ಮೇ ತಿಂಗಳಲ್ಲಿ ಇನ್ನೊಮ್ಮೆ ಎಣಿಸಿ. ಮಳೆಗಾಲದ ಮೊದಲಿನ ಸೆಕೆಯಲ್ಲಿ ಬೀಜ ಕೆಡುವುದುಂಟು.

ಇನ್ನು ಕುಸ್ವಾರ್. ನೆವ್ರಿ, ಕಿಡಿಯೊ, ಕೊಕ್ಕಿಸಾಂ, ಗುಳಿಯೊ ಎಂದು ಪಟ್ಟಿ ಹೇಳುವಾಗಲೇ ಬಾಯಲ್ಲಿ ನೀರೂರುತ್ತದೆ. ತಿನ್ನಲು ಹತ್ತು ಬಾಯಿ, ಮಾಡಲು ಎರಡೇ ಕೈ ಎಂಬುದು ಮಾತ್ರ ನಮಗೆ ಒಪ್ಪಿಗೆಯಿಲ್ಲ. ಒಂದು ಕಾನೂನು ಮಾಡಿ: ಕಿಡಿಯೊ ಉರುಳಿಸದವನಿಗೆ ಕಿಡಿಯೊ ಇಲ್ಲ. ಹೊಸ ಬಾಚಣಿಗೆಯನ್ನು ಬಿಸಿನೀರಲ್ಲಿ ತೊಳೆದು, ಹಿಟ್ಟಿನ ಉಂಡೆಯನ್ನು ಅದರ ಹಲ್ಲಿನ ಮೇಲೆ ಒತ್ತಿ ಉರುಳಿಸಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಅಡಿಕೆ ಮರವೇರುವ ಕೈಗೆ ಇದೇನು ಮಹಾ! ತೆಂಗಿನಕಾಯಿ ತುರಿಯುವುದು ಗಂಡಸರ ಪಾಲು. ನಾಲ್ಕು ಮನೆಯವರು ಸೇರಿ ದಿನಕ್ಕೊಂದು ಮನೆಯಲ್ಲಿ ಒಂದು ಬಗೆ ಮಾಡಿ ಹಂಚಿಕೊಂಡರೆ ಹರಟೆಯೂ ಆಯಿತು, ಎಣ್ಣೆಯೂ ಉಳಿಯಿತು. ನೆವ್ರಿಯ ಹೂರಣಕ್ಕೆ ಹಸಿ ಕಾಯಿತುರಿ ಹಾಗೆಯೇ ಹಾಕಿದರೆ ಬೇಗ ಹಳಸುತ್ತದೆ. ಕೊಬ್ಬರಿ ಹಾಕಿ, ಇಲ್ಲವೇ ತುರಿಯನ್ನು ತೇವ ಹೋಗುವವರೆಗೆ ಹುರಿಯಿರಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿಸಿ. ಆಗ ಜನವರಿಯಲ್ಲಿ ಬರುವ ನೆಂಟರಿಗೂ ಉಳಿಯುತ್ತದೆ. ಕರಿದ ಎಣ್ಣೆಯನ್ನು ಸೋಸಿ ಎರಡು ಮೂರು ದಿನಗಳಲ್ಲಿ ಒಗ್ಗರಣೆಗೆ ಮುಗಿಸಿಬಿಡಿ. ಕಪ್ಪಾದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಉಳಿತಾಯವಲ್ಲ.

ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿಯರನ್ನು ಪಂಕ್ತಿಯಿಂದ ಎಬ್ಬಿಸಬೇಡಿ. ಒಂದು ನೆವ್ರಿ ಕೊಡಿ, ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ, ತೋಟದವರೆಗೆ ಜತೆಯಲ್ಲಿ ನಡೆಸಿಕೊಂಡು ಹೋಗಿ ಬನ್ನಿ. ಬೆಲ್ಲವಾದರೆ ಪರವಾಗಿಲ್ಲ ಎಂಬುದು ನಮ್ಮೂರಿನ ಹಳೆಯ ನಂಬಿಕೆ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಬೆಲ್ಲವೂ ಹಿಂದೆ ಬಿದ್ದಿಲ್ಲ. ಹಬ್ಬವೆಂದು ಅಂದಿನ ಮಾತ್ರೆ ಬಿಡಬಾರದು. ಕುಡಿತದ ವಿಷಯ ನಾವು ಇಲ್ಲಿ ಬರೆಯುವುದಿಲ್ಲ. ಪ್ರವಚನದಲ್ಲಿ ಸಾಕಷ್ಟು ಕೇಳಿದ್ದೀರಿ.

ನೆರೆಮನೆಗೆ ತಿಂಡಿಯ ತಟ್ಟೆ ಕಳಿಸುವಾಗ ಮೊಟ್ಟೆ ಹಾಕಿದ ಕೊಕ್ಕಿಸಾಂ ಯಾರಿಗೆ, ತೋಟದ ಬಾಳೆಗೊನೆ ಯಾರಿಗೆ ಎಂದು ಮೊದಲೇ ಯೋಚಿಸಿ. ಎಲ್ಲರಿಗೂ 25ರಂದೇ ಕೊಡಬೇಕೆಂದಿಲ್ಲ. ದಿನಕ್ಕೊಂದು ಮನೆಗೆ ಹೋಗಿ ಅರ್ಧ ಗಂಟೆ ಕುಳಿತು ಬಂದರೆ ತಟ್ಟೆಗಿಂತ ಅದೇ ಹೆಚ್ಚು. ಮಕ್ಕಳೆಲ್ಲ ಗಲ್ಫಿನಲ್ಲಿದ್ದು ಒಬ್ಬರೇ ಇರುವ ಬಾಯಮ್ಮಂದಿರು ಪ್ರತಿಯೊಂದು ವಾಳೆಯಲ್ಲೂ ಇದ್ದಾರೆ. ಅವರಿಗೆ 25ರಂದು ಹತ್ತು ಜನ ಬಂದು, 27ರಂದು ಯಾರೂ ಬಾರದಿರುವುದು ಬೇಡ.

ಕ್ಯಾರಲ್ ತಂಡದವರಿಗೆ ಎರಡು ಮಾತು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿರುತ್ತಾರೆ, ಕತ್ತಲಲ್ಲಿ ಅದರ ಮೇಲೆ ಕುಣಿಯಬೇಡಿ. ಧ್ವನಿವರ್ಧಕವನ್ನು ಮನೆಯಲ್ಲೇ ಬಿಡಿ. 'ಸೈಲೆಂಟ್ ನೈಟ್' ಹಾಡನ್ನು 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡಾರ್ಫ್‌ನಲ್ಲಿ ಮೊದಲ ಸಲ ಹಾಡಿದಾಗ ಅಲ್ಲಿದ್ದ ವಾದ್ಯ ಒಂದು ಗಿಟಾರ್ ಮಾತ್ರ. ಬರೆದವರು ಜೋಸೆಫ್ ಮೋರ್ ಎಂಬ ಸಹಾಯಕ ಗುರುಗಳು, ರಾಗ ಹಾಕಿದವರು ಫ್ರಾನ್ಸ್ ಗ್ರೂಬರ್ ಎಂಬ ಶಾಲಾ ಮಾಸ್ತರು. ಇನ್ನೂರು ವರ್ಷ ಕಳೆದರೂ ಆ ಹಾಡು ಎಲ್ಲ ಕಡೆ ಕೇಳಿಸುತ್ತಿದೆಯಲ್ಲ!

ಡಿಸೆಂಬರ್ 28 ಹೆರೋದನು ಕೊಲ್ಲಿಸಿದ ಬೆತ್ಲೆಹೇಮಿನ ನಿರ್ದೋಷಿ ಶಿಶುಗಳ ಹಬ್ಬ. ಮಧ್ಯಯುಗದ ಯುರೋಪಿನಲ್ಲಿ ಕೆಲವೆಡೆ ಈ ದಿನ ಒಬ್ಬ ಹುಡುಗನಿಗೆ ಬಿಷಪರ ಟೋಪಿ ತೊಡಿಸಿ ದೇವಾಲಯದಲ್ಲಿ ಮೇಲೆ ಕೂರಿಸುತ್ತಿದ್ದರು. ಇಗರ್ಜಿಯ ಕುರ್ಚಿ ಬಿಟ್ಟುಕೊಡಲು ನಾವು ಸಿದ್ಧರಿಲ್ಲ. ಮನೆಯ ಯಜಮಾನಿಕೆಯನ್ನು ನೀವು ಒಂದು ದಿನ ಮಕ್ಕಳಿಗೆ ಬಿಟ್ಟುಕೊಡಿ. ಏನು ಅಡುಗೆ, ಯಾರು ಪಾತ್ರೆ ತೊಳೆಯಬೇಕು ಎಂದು ಅವರೇ ಹೇಳಲಿ. ಹಸುವಿಗೆ ಹುಲ್ಲು ಹಾಕಿ, ಕೋಳಿಗೂಡಿನ ಬಾಗಿಲು ಹಾಕುವುದೂ ಯಜಮಾನರ ಕೆಲಸವೇ ಎಂಬುದು ಸಂಜೆಗೆ ತಿಳಿಯುತ್ತದೆ.

ಅದೇ ದಿನಕ್ಕೆ ನಮ್ಮ ಸೀಮೆಯಲ್ಲಿ ಇನ್ನೊಂದು ಅರ್ಥವೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ನಿಮಗೆ ನಾವು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಹಾಸಿಗೆ ಹಿಡಿದ ಆ ಮಕ್ಕಳಲ್ಲಿ ಹಲವರಿಗೆ ಈಗ ಮೂವತ್ತು ದಾಟಿದೆ. ಅವರನ್ನು ಎತ್ತಿ ಇಳಿಸುವ ತಾಯಂದಿರು ಮುದುಕಿಯರಾಗಿದ್ದಾರೆ. ಹಬ್ಬದ ತಂಡಗಳು ಆ ಮನೆಗಳನ್ನು ದಾಟಿ ಹೋಗುತ್ತವೆ. ದುಃಖದ ಮನೆಯಲ್ಲಿ ಹೇಗೆ ಹಾಡುವುದು ಎಂಬ ಸಂಕೋಚ. ಹೋಗಿ. ಮೊದಲೇ ಸಮಯ ಕೇಳಿ, ಇಬ್ಬರು ಮೂವರು ಮಾತ್ರ ಹೋಗಿ, ಡೋಲು ಬೇಡ, ಪಟಾಕಿಯಂತೂ ಬೇಡವೇ ಬೇಡ. ನುಂಗಲು ಕಷ್ಟವಿರುವ ಮಕ್ಕಳಿಗೆ ಚಕ್ಕುಲಿ, ಕಿಡಿಯೊ ಅಪಾಯ. ತಾಯಿಯನ್ನು ಕೇಳದೆ ಏನನ್ನೂ ಬಾಯಿಗೆ ಹಾಕಬೇಡಿ. ಹಾಡಿ ಮುಗಿದ ಮೇಲೆ ಒಬ್ಬರು ಅಲ್ಲೇ ಉಳಿದು ಮಗುವಿನ ಬಳಿ ಕುಳಿತುಕೊಳ್ಳಿ, ಆ ತಾಯಿ ಎರಡು ಗಂಟೆ ಹೊರಗೆ ಹೋಗಿ ಬರಲಿ. ತಂಗಿಯ ಮನೆಗೋ, ಪೇಟೆಗೋ, ಪೂಜೆಗೋ, ಅದು ಅವರ ಇಷ್ಟ. ಯಾವ ಧರ್ಮದ ಮನೆ ಎಂದು ನೋಡಬೇಡಿ.

ಸ್ನಾನದೀಕ್ಷೆಯ ಹಬ್ಬದಂದು ಗೋದಲಿ ಬಿಚ್ಚುವಾಗ ಬೈಹುಲ್ಲಿನಿಂದ ಜರಿ, ನೂಲು, ಹತ್ತಿಯನ್ನು ಪೂರ್ತಿ ತೆಗೆದ ಮೇಲೆಯೇ ಹಸುವಿಗೆ ಹಾಕಿ. ರಾಗಿ ಪೈರು ಹೇಗೂ ಅದರದ್ದೇ. ನೂರರಲ್ಲಿ ಎಷ್ಟು ಕಾಳು ಮೊಳೆಯಿತು ಎಂಬ ಲೆಕ್ಕವನ್ನು ಮಕ್ಕಳು ಅಂದು ಪೂಜೆಯ ನಂತರ ಬಂದು ನಮಗೆ ಒಪ್ಪಿಸಲಿ. ಗೆದ್ದವರಿಗೆ ಒಂದು ಡಬ್ಬಿ ಕೊಕ್ಕಿಸಾಂ ಎತ್ತಿಡುತ್ತೇವೆ, ಅಷ್ಟರೊಳಗೆ ನಾವೇ ತಿಂದು ಮುಗಿಸದಿದ್ದರೆ.