ಗಿರಣಿ ಧಣಿಗಳ ತೋಟ ಕ್ರಯಕ್ಕೆ ಬಂದಾಗ

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಬಟ್ಟೆ ಗಿರಣಿಯ ಧಣಿಯೊಬ್ಬರ ತೋಟ ಕ್ರಯಕ್ಕಿದೆಯೆಂದರೆ ನಾವು ಮೊದಲು ನೋಡುವುದು ಬಾವಿಯ ನೀರನ್ನು, ಅಡಿಕೆಯ ಗೊನೆಯನ್ನು. ನೋಡಬೇಕಾದುದು ಪಹಣಿಯ ಹೆಸರನ್ನು. ತೋಟ ಧಣಿಯದೋ, ಗಿರಣಿ ಕಂಪನಿಯದೋ? ಕಂಪನಿಯದಾದರೆ ನಿರ್ದೇಶಕ ಮಂಡಳಿಯ ಠರಾವು ಬೇಕು. ಬ್ಯಾಂಕಿನ ಅಡಮಾನವೂ ಇದ್ದೀತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಬಂದ 79-ಬಿ ಕಲಮು ಕಂಪನಿಗಳು ಕೃಷಿಭೂಮಿ ಹೊಂದುವುದನ್ನು ನಿರ್ಬಂಧಿಸಿತ್ತು. 2020ರಲ್ಲಿ ಅದನ್ನು ತೆಗೆದರು, ಭೂಮಿತಿಯನ್ನು ತೆಗೆಯಲಿಲ್ಲ. ಕಾಫಿ, ಮೆಣಸು, ಏಲಕ್ಕಿಗಿರುವ ವಿನಾಯಿತಿ ನಮ್ಮ ಅಡಿಕೆ, ತೆಂಗಿಗಿಲ್ಲ.

ಧಣಿಗಳು ಪಟ್ಟಣದಲ್ಲಿ, ಪಾರುಪತ್ಯ ಮ್ಯಾನೇಜರರ ಕೈಯಲ್ಲಿ. ಅಧಿಕಾರಪತ್ರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರವೂ ತೀರಿತು. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟವನ್ನು ನೆನೆಯಿರಿ. ಅದು ಗಿರಣಿಯವರದಲ್ಲ, ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಮತ್ತು ನಟಿ ದೇವಿಕಾ ರಾಣಿಯವರದು. ಸುಗಂಧ ತೈಲದ ಲಿನಾಲೋ ಮರಗಳ ನಾನೂರೈವತ್ತಕ್ಕೂ ಹೆಚ್ಚು ಎಕರೆ. ದಂಪತಿಗಳು 1993, 1994ರಲ್ಲಿ ತೀರಿಕೊಂಡರು. ಕಂಪನಿಯೊಂದು ಕ್ರಯಪತ್ರ ಹಿಡಿದು ಹಕ್ಕು ಕೇಳಿತು. ಲಿನಾಲೋಗೆ ಕೊಟ್ಟಿದ್ದ ವಿನಾಯಿತಿಯನ್ನು 1994ರಲ್ಲಿ ಸರ್ಕಾರ ಹಿಂತೆಗೆದುಕೊಂಡಿತು, 1996ರಲ್ಲಿ ಕಾಯಿದೆ ಮಾಡಿ ತೋಟವನ್ನೇ ವಶಪಡಿಸಿಕೊಂಡಿತು. 2011ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ದೊಡ್ಡವರಿಗೆ ವಕೀಲರಿದ್ದರು, ನಮಗೆ ಒಂದು ಮುಂಗಡ ಹೋದರೂ ಎರಡು ವರ್ಷದ ಗೊಬ್ಬರ ಹೋದಂತೆ.

ನಾಲ್ಕು ಸದಸ್ಯರು ಕೂಡಿ ಕೊಳ್ಳುವುದಾದರೆ ಒಳ್ಳೆಯದೇ. ಆದರೆ ಕ್ರಯಕ್ಕೆ ಮುಂಚೆ 11-ಇ ನಕ್ಷೆ ಮಾಡಿಸಿ. ಬಾವಿ ಒಬ್ಬರ ಪಾಲಿಗೆ ಬಿದ್ದರೆ ಉಳಿದ ಮೂವರ ನೀರಿನ ಸರದಿ, ಪಂಪಿನ ಖರ್ಚು, ದಾರಿ ಎಲ್ಲವೂ ಪತ್ರದಲ್ಲಿರಲಿ. ಮರದ ಮೇಲಿರುವ ಕೊಯ್ಲು ಯಾರದೆಂಬುದನ್ನೂ ಬರೆಸಿ; ಮ್ಯಾನೇಜರು ಅದನ್ನು ಆಗಲೇ ಚೇಣಿಗೆ ಕೊಟ್ಟಿರಬಹುದು.